ಮನೆಗೊಂದು ಗಣಕಯಂತ್ರ: ಅದರ ಅಂಗಗಳನ್ನು ಆರಿಸುವ ಬಗೆ

ಸಂಸಾರಸ್ಥರು ಮನೆಗೆ ತರುವ ಪದಾರ್ಥಗಳಲ್ಲಿ ಎರಡು ವಿಧಗಳುಂಟು. ಅಕ್ಕಿ, ಬೇಳೆ, ಬೆಲ್ಲಗಳಂತಹವುಗಳಲ್ಲಿ ಒಂದು ತಿಂಗಳು ಮೋಸಹೋದರೂ ಮುಂದಿನ ತಿಂಗಳು ತಿದ್ದಿಕೊಳ್ಳಬಹುದು. ಆದರೆ ಬಹುಕಾಲ ಬಾಳತಕ್ಕ, ಬೆಲೆಬಾಳುವ ಸಾಮಾನುಗಳಲ್ಲಿ ಆಯ್ಕೆ ತಪ್ಪಿದರೆ, ಆ ತಪ್ಪನ್ನು ಕಣ್ಣೆದುರಿಗೇ ಇಟ್ಟುಕೊಂಡು ಐದಾರು ವರ್ಷ ಕಾಲಹಾಕಬೇಕಾಗುತ್ತದೆ. ಮನೆಯ ಗಣಕಯಂತ್ರವು ಈ ಎರಡನೆಯ ವರ್ಗಕ್ಕೆ ಸೇರಿದ್ದು. ಮಗನೋ ಮಗಳೋ ಕಾಲೇಜಿಗೆ ಸೇರಿದ ವರ್ಷ, ಅನೇಕ ಮನೆಗಳಲ್ಲಿ ಇದಕ್ಕಾಗಿ ಯಜಮಾನರ ಒಂದು ತಿಂಗಳ ಸಂಬಳವೇ ಹೋಗುವುದುಂಟು. ಸಾಲ ಮಾಡಿ ತರುವವರೂ ಉಂಟು. ಹೀಗೆ ಕಷ್ಟಾರ್ಜಿತವಾದ ಹಣವನ್ನು ಅಂಗಡಿಯವನು ಹೇಳಿದ ಹೆಸರುಗಳಿಗೆಲ್ಲ ತಲೆದೂಗಿ ಸುರಿದುಬಿಡುವುದು ವಿವೇಕವಲ್ಲ.

ಸಿದ್ಧವಾಗಿ ಬಂದ ಯಂತ್ರವನ್ನು ಕೊಳ್ಳುವುದು ಒಂದು ಮಾರ್ಗ. ಬಿಡಿ ಭಾಗಗಳನ್ನು ಆರಿಸಿ ತಂದು ಜೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯ ಮಾರ್ಗದಲ್ಲಿ ಶ್ರಮ ಹೆಚ್ಚು, ಲಾಭವೂ ಹೆಚ್ಚು. ಕೊಟ್ಟ ಹಣವು ಯಾವ ಭಾಗಕ್ಕೆ ಎಷ್ಟು ಹೋಯಿತೆಂಬುದು ನಮಗೆ ತಿಳಿದಿರುತ್ತದೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ನಾಲ್ಕು ವರ್ಷಗಳ ತರುವಾಯ ಯಂತ್ರವು ನಿಧಾನವಾಯಿತೆಂದು ತೋರಿದರೆ, ಇಡೀ ಯಂತ್ರವನ್ನು ಬಿಸಾಡದೆ, ಕೊರತೆಯಿದ್ದ ಕಡೆಗೆ ಮಾತ್ರ ಹಣ ಹಾಕಬಹುದು. ಮಡಿಲಮೇಲಿನ ಗಣಕಗಳಲ್ಲಿ ಈ ಅನುಕೂಲವು ಬಹಳ ಕಡಿಮೆ. ಊರಿಂದೂರಿಗೆ ಹೊತ್ತು ತಿರುಗಬೇಕಾದವರಿಗೆ ಅವೇ ತಕ್ಕುವು. ಮನೆಯೊಳಗೆ ಒಂದೆಡೆ ಇಟ್ಟು ಮನೆಮಂದಿಯೆಲ್ಲ ಬಳಸತಕ್ಕ ಯಂತ್ರಕ್ಕೆ ಮೇಜಿನ ಗಣಕವೇ ಲೇಸು.

ಬಿಡಿ ಭಾಗಗಳು ಹೊಂದಿಕೊಳ್ಳುವುದು ಹೇಗೆ?

ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಂಪೆನಿಗಳ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಸರಿಯಾಗಿ ಕೂಡುವುದು ಹೇಗೆಂದು ಕೆಲವರಿಗೆ ಸಂಶಯ ಬರಬಹುದು. ಅದಕ್ಕೊಂದು ಚರಿತ್ರೆಯುಂಟು. ೧೯೮೧ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿಯವರು ತಮ್ಮ ಚಿಕ್ಕ ಗಣಕವನ್ನು ಹೊರತಂದಾಗ, ಅದರ ರಚನೆಯ ವಿವರಗಳನ್ನು ಗುಟ್ಟಾಗಿಡದೆ ಪ್ರಕಟಿಸಿದರು. ಹೆಚ್ಚಿನ ಹಲಗೆಗಳನ್ನು ಚುಚ್ಚಿಕೊಳ್ಳಲು ಒಳಗೆ ಎಡೆಯನ್ನೂ ಇಟ್ಟರು. ಇತರರು ಅದೇ ಅಳತೆಗೆ ಭಾಗಗಳನ್ನು ತಯಾರಿಸತೊಡಗಿದರು. ೧೯೯೫ರಲ್ಲಿ ಇಂಟೆಲ್ ಕಂಪೆನಿಯು ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಹೊರಡಿಸಿತು. ಹಲಗೆಯ ಉದ್ದಗಲ, ತಿರುಪುಗಳ ರಂಧ್ರಗಳಿರಬೇಕಾದ ಸ್ಥಾನ, ವಿದ್ಯುತ್ತಿನ ತಂತಿಗಳ ಜೋಡಣೆ ಇವೆಲ್ಲವೂ ಅದರಲ್ಲಿ ನಿಶ್ಚಯವಾದುವು. ಎ.ಟಿ.ಎಕ್ಸ್. ಹಲಗೆಯು ೩೦೫ ಮಿಲಿಮೀಟರ್ ಉದ್ದ, ೨೪೪ ಮಿಲಿಮೀಟರ್ ಅಗಲ. ಅದರ ತಂಗಿಯಾದ ಮೈಕ್ರೋ ಎ.ಟಿ.ಎಕ್ಸ್. ಎರಡು ಕಡೆಗೂ ೨೪೪. ಇನ್ನೂ ಕಿರಿದಾದ ಮಿನಿ ಐ.ಟಿ.ಎಕ್ಸ್. ಎರಡು ಕಡೆಗೂ ೧೭೦. ಅಂಗಡಿಯಲ್ಲಿ ಯಾವ ಸೇರಿನಿಂದ ಅಳೆದರೂ ಅಕ್ಕಿ ಒಂದೇ ಪ್ರಮಾಣದಲ್ಲಿ ಬರುವಂತೆ, ಕಟ್ಟಳೆಗೆ ಒಳಪಟ್ಟ ಭಾಗವು ಯಾರು ಮಾಡಿದ್ದಾದರೂ ತನ್ನ ಜಾಗದಲ್ಲಿ ಸರಿಯಾಗಿ ಕುಳಿತುಕೊಳ್ಳುತ್ತದೆ.

ಆದರೆ ಕಟ್ಟಳೆಗಳು ಒಂದಲ್ಲ, ಹಲವು. ಯಾವುದಕ್ಕೆ ಯಾವುದು ಸಲ್ಲುವುದೆಂದು ತಿಳಿಯುವುದೇ ಆಯ್ಕೆಯ ಮರ್ಮ.

ಮೊದಲು ಉದ್ದೇಶ, ಆಮೇಲೆ ಬೆಲೆ

ಅಂಗಡಿಗೆ ಹೊರಡುವ ಮುನ್ನ ಮನೆಮಂದಿಯೆಲ್ಲ ಒಂದು ಸಂಜೆ ಕುಳಿತು, ಈ ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಒಂದು ಕಾಗದದಮೇಲೆ ಬರೆಯತಕ್ಕದ್ದು. ಮಕ್ಕಳ ಪಾಠ, ಪತ್ರವ್ಯವಹಾರ, ಲೆಕ್ಕಪತ್ರ, ಕನ್ನಡದಲ್ಲಿ ಬರವಣಿಗೆ, ದೂರದಲ್ಲಿರುವ ಮಗಳೊಡನೆ ಮುಖಾಮುಖಿ ಮಾತು, ಸಂಗೀತ ಮತ್ತು ಚಲಚ್ಚಿತ್ರ ಇಷ್ಟೇ ಆದರೆ ಅದು ಮೊದಲನೆಯ ತರಗತಿ. ನೂರಕ್ಕೆ ತೊಂಬತ್ತು ಮನೆಗಳ ಅಗತ್ಯ ಇಷ್ಟೇ ಎಂದರೆ ಅತಿಶಯೋಕ್ತಿಯಾಗದು. ಕಟ್ಟಡದ ನಕ್ಷೆ, ಯಂತ್ರಗಳ ವಿನ್ಯಾಸ, ಚಲಚ್ಚಿತ್ರದ ಸಂಕಲನ ಇವುಗಳನ್ನು ಮಾಡತಕ್ಕವರದು ಎರಡನೆಯ ತರಗತಿ. ಬಿರುಸಾದ ಆಟಗಳನ್ನು ಆಡತಕ್ಕವರದು ಮೂರನೆಯದು. ಮೊದಲನೆಯ ತರಗತಿಯವರು ಮೂರನೆಯ ತರಗತಿಯ ಯಂತ್ರವನ್ನು ಕೊಂಡರೆ, ಮೂಗಿಗಿಂತ ಮೂಗುತಿ ಭಾರವಾದಂತೆಯೇ ಸರಿ.

ಹೀಗೆ ಬರೆಯುವಾಗ ಮಕ್ಕಳ ಮಾತನ್ನೂ ಸಮಾಧಾನದಿಂದ ಕೇಳಬೇಕು. ‘ವ್ಯಾಸಂಗಕ್ಕೆ’ ಎಂದು ಹೇಳಿ ಆಟದ ಯಂತ್ರವನ್ನು ತರಿಸಿಕೊಳ್ಳುವ ಹುಡುಗರೂ ಉಂಟು. ನಿಜವಾಗಿಯೂ ವ್ಯಾಸಂಗಕ್ಕೆ ಬಲವಾದ ಯಂತ್ರ ಬೇಕಾಗಿದ್ದರೂ ಮನೆಯ ಸ್ಥಿತಿಯನ್ನು ಕಂಡು ಬಾಯಿಬಿಡದ ಹೆಣ್ಣುಮಕ್ಕಳೂ ಉಂಟು. ಕಾಲೇಜಿನ ಪಾಠಕ್ಕೆ ಯಾವ ಸಾಫ್ಟ್‌ವೇರ್ ಬೇಕೆಂದು ಹೆಸರು ಬರೆಯಿಸಿಕೊಂಡರೆ ಎರಡು ಸಂದೇಹಗಳೂ ಒಮ್ಮೆಗೇ ಪರಿಹಾರವಾಗುತ್ತವೆ. ಏಕೆಂದರೆ ಪ್ರತಿ ಸಾಫ್ಟ್‌ವೇರಿನ ತಯಾರಕರೂ ತಮಗೆ ಬೇಕಾದ ಯಂತ್ರದ ಬಲವನ್ನು ತಾವೇ ಪ್ರಕಟಿಸಿರುತ್ತಾರೆ.

ಪ್ರೊಸೆಸರ್

ಯಂತ್ರದ ಮೆದುಳೆನಿಸಿದ ಪ್ರೊಸೆಸರನ್ನು ಮನೆಯ ಗಣಕಗಳಿಗೆ ಒದಗಿಸುವವರು ಮುಖ್ಯವಾಗಿ ಇಬ್ಬರು: ಇಂಟೆಲ್ ಮತ್ತು ಎ.ಎಂ.ಡಿ. ಇಬ್ಬರ ಸರಕೂ ಒಳ್ಳೆಯದೇ, ಪಕ್ಷಪಾತಕ್ಕೆ ಕಾರಣವಿಲ್ಲ. ಮನೆಯ ಕೆಲಸಕ್ಕೆ ನೋಡತಕ್ಕ ಸಂಗತಿಗಳು ಎರಡೇ. ಒಂದು, ಒಳಗಿರುವ ಕೋರುಗಳ ಸಂಖ್ಯೆ. ಒಂದೊಂದು ಕೋರೂ ಒಬ್ಬೊಬ್ಬ ಆಳಿನಂತೆ ಏಕಕಾಲದಲ್ಲಿ ಕೆಲಸ ಮಾಡಬಲ್ಲದು. ಮೊದಲನೆಯ ತರಗತಿಗೆ ನಾಲ್ಕು ಸಾಕು. ಆರು ಇದ್ದರೆ ದೀರ್ಘಕಾಲ ನಿಶ್ಚಿಂತೆ. ಎರಡನೆಯದು, ಚಿತ್ರವನ್ನು ಪರದೆಗೆ ಕಳುಹಿಸುವ ಗ್ರಾಫಿಕ್ಸ್ ಶಕ್ತಿಯು ಪ್ರೊಸೆಸರಿನೊಳಗೇ ಇದೆಯೇ ಇಲ್ಲವೇ ಎಂಬುದು.

ಈ ಎರಡನೆಯ ಸಂಗತಿಯಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದರ್ಥ. ಅದರ ಬೆಲೆಯು ಸ್ವಲ್ಪ ಕಡಿಮೆಯೆಂದು ಕೊಂಡು ತಂದರೆ, ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರೆಗೆ ಪರದೆಯು ಕತ್ತಲೆಯಾಗಿಯೇ ಇರುವುದು. ಎ.ಎಂ.ಡಿ.ಯವರ ರೈಜನ್ ೫೦೦೦ ಶ್ರೇಣಿಯಲ್ಲಿ ‘ಜಿ’ ಅಕ್ಷರವುಳ್ಳವಕ್ಕೆ ಮಾತ್ರ ಒಳಗಿನ ಗ್ರಾಫಿಕ್ಸ್ ಉಂಟು. ನಾಲ್ಕು ಕೋರುಗಳ ಇಂಟೆಲ್ ಐ೩ ೧೨೧೦೦, ಆರು ಕೋರುಗಳ ಐ೫ ೧೨೪೦೦, ಆರು ಕೋರುಗಳ ರೈಜನ್ ೫ ೫೬೦೦ಜಿ ಮತ್ತು ರೈಜನ್ ೫ ೮೬೦೦ಜಿ ಇವೆಲ್ಲವೂ ಗ್ರಾಫಿಕ್ಸ್ ಸಹಿತವಾದುವು; ಮನೆಯ ಕೆಲಸಕ್ಕೆ ಧಾರಾಳವಾಗಿ ಸಾಲುವಂಥವು. ಇವು ಉದಾಹರಣೆಗಳು ಮಾತ್ರ. ಹೊಸ ಹೊಸ ಸಂಖ್ಯೆಗಳು ಬರುತ್ತಲೇ ಇರುತ್ತವೆ. ಸಂಖ್ಯೆಯನ್ನು ಉರುಹೊಡೆಯುವುದಕ್ಕಿಂತ ಅದನ್ನು ಪರೀಕ್ಷಿಸುವ ಕ್ರಮವನ್ನು ಅರಿತಿರುವುದು ಮೇಲು.

ಮದರ್‌ಬೋರ್ಡು

ಪ್ರೊಸೆಸರ್ ಕುಳಿತುಕೊಳ್ಳುವ ಪೀಠಕ್ಕೆ ಸಾಕೆಟ್ ಎಂದು ಹೆಸರು. ಸಾಕೆಟ್ ಬೇರೆಯಾದರೆ ಸಂಬಂಧವೇ ಕೂಡದು. ಇಂಟೆಲಿನ ೧೨, ೧೩, ೧೪ನೆಯ ತಲೆಮಾರುಗಳಿಗೆ ಎಲ್.ಜಿ.ಎ. ೧೭೦೦ ಎಂಬ ಪೀಠ; ರೈಜನ್ ೫೬೦೦ಜಿಗೆ ಎ.ಎಂ.೪, ೨೦೨೨ರಲ್ಲಿ ಬಂದ ೭೦೦೦ ಶ್ರೇಣಿಗೂ ಆ ಬಳಿಕ ಬಂದ ೮೬೦೦ಜಿ ಮೊದಲಾದುವಕ್ಕೂ ಎ.ಎಂ.೫. ಇಲ್ಲಿ ದೂರದೃಷ್ಟಿಯ ಪ್ರಶ್ನೆಯೊಂದು ಏಳುತ್ತದೆ. ಎ.ಎಂ.೪ ಮತ್ತು ಎಲ್.ಜಿ.ಎ. ೧೭೦೦ ಪೀಠಗಳು ತಮ್ಮ ಸಂತಾನದ ಕೊನೆಯನ್ನು ಮುಟ್ಟಿವೆ. ಎ.ಎಂ.೫ ಪೀಠವನ್ನು ೨೦೨೭ರವರೆಗೂ ಅದರಾಚೆಗೂ ಪೋಷಿಸುವೆವೆಂದು ಎ.ಎಂ.ಡಿ.ಯವರು ಸಾರಿದ್ದಾರೆ. ಮುಂದೆ ಪ್ರೊಸೆಸರನ್ನು ಮಾತ್ರ ಬದಲಾಯಿಸಿ ಯಂತ್ರದ ಆಯುಸ್ಸನ್ನು ಬೆಳೆಸಬೇಕೆನ್ನುವವರು ಎ.ಎಂ.೫ ಪೀಠಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಒಮ್ಮೆ ಕೊಂಡು, ಸವೆಯುವವರೆಗೂ ಹಾಗೆಯೇ ಬಳಸತಕ್ಕವರಿಗೆ ಹಳೆಯ ಪೀಠದಿಂದ ಉಳಿತಾಯವಾದ ಹಣವು ನಿಜವಾದ ಉಳಿತಾಯವೇ.

ಹಲಗೆಯನ್ನು ಕೊಳ್ಳುವಾಗ ಇನ್ನೊಂದು ಮಾತನ್ನು ಕೇಳತಕ್ಕದ್ದು: ‘ಈ ಪ್ರೊಸೆಸರನ್ನು ಇದು ಈಗಲೇ ಗುರುತಿಸುವುದೇ?’ ಎಂದು. ಹಲಗೆಯೊಳಗೆ ಬಯೋಸ್ ಎಂಬ ಮೂಲ ತಂತ್ರಾಂಶವಿರುತ್ತದೆ. ಅಂಗಡಿಯಲ್ಲಿ ಬಹುಕಾಲ ಇದ್ದ ಹಲಗೆಯು, ತನ್ನ ತರುವಾಯ ಹುಟ್ಟಿದ ಪ್ರೊಸೆಸರನ್ನು, ಪೀಠ ಒಂದೇ ಆಗಿದ್ದರೂ ಗುರುತಿಸದೆಹೋಗಬಹುದು. ಅಂಗಡಿಯವನು ಆ ತಂತ್ರಾಂಶವನ್ನು ಹೊಸದಾಗಿಸಿ ಕೊಡಬಲ್ಲನು. ಆದರೆ ಕೇಳಿದರೆ ಮಾತ್ರ. ಉಳಿದಂತೆ, ರ್ಯಾಮಿಗೆ ಕನಿಷ್ಠ ಎರಡು ಸ್ಥಾನಗಳೂ, ಎಂ.೨ ಎಂಬ ಎಸ್.ಎಸ್.ಡಿ. ಸ್ಥಾನವೊಂದೂ, ಪರದೆಗೆ ಎಚ್.ಡಿ.ಎಂ.ಐ. ಕಿಂಡಿಯೂ ಇದ್ದರೆ ಮನೆಗೆ ಸಾಕು. ಥಳಥಳಿಸುವ ದೀಪಗಳಿಗೂ ಶೋಭೆಯ ತಗಡುಗಳಿಗೂ ಕೊಟ್ಟ ಹಣದಿಂದ ಲೆಕ್ಕವಾಗಲಿ ಬರವಣಿಗೆಯಾಗಲಿ ಬೇಗ ಸಾಗುವುದಿಲ್ಲ.

ರ್ಯಾಮ್

ರ್ಯಾಮ್ ಎಂಬುದು ಕೆಲಸ ನಡೆಯುವ ಮೇಜು, ಎಸ್.ಎಸ್.ಡಿ. ಎಂಬುದು ಕಾಗದಪತ್ರಗಳನ್ನಿಡುವ ಬೀರು. ಮೇಜು ಕಿರಿದಾದರೆ ಪ್ರತಿ ಕ್ಷಣವೂ ಬೀರುವಿಗೆ ಓಡಾಡಬೇಕಾಗುವುದು. ಇಂದಿನ ದಿನದಲ್ಲಿ ೮ ಗಿಗಾಬೈಟ್ ಇಕ್ಕಟ್ಟು, ೧೬ ಗಿಗಾಬೈಟ್ ನೆಮ್ಮದಿ. ೩೨ ಗಿಗಾಬೈಟ್ ಚಿತ್ರಸಂಕಲನದಂತಹ ಕೆಲಸಗಳಿಗೆ ಮಾತ್ರ. ಸಾಧ್ಯವಾದರೆ ೧೬ರ ಒಂದು ಪಟ್ಟಿಯ ಬದಲು ೮ರ ಎರಡು ಪಟ್ಟಿಗಳನ್ನು ಹಾಕತಕ್ಕದ್ದು. ಆಗ ಪ್ರೊಸೆಸರಿಗೂ ರ್ಯಾಮಿಗೂ ನಡುವೆ ಎರಡು ದಾರಿಗಳು ತೆರೆಯುತ್ತವೆ. ಒಳಗಿನ ಗ್ರಾಫಿಕ್ಸ್ ಕೂಡ ಈ ರ್ಯಾಮಿನಲ್ಲಿಯೇ ಪಾಲು ಪಡೆಯುವುದರಿಂದ, ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಯಂತ್ರಕ್ಕೆ ಈ ಎರಡು ದಾರಿಗಳಿಂದ ಪ್ರತ್ಯಕ್ಷವಾದ ಲಾಭವುಂಟು.

ಡಿ.ಡಿ.ಆರ್.೪ ಮತ್ತು ಡಿ.ಡಿ.ಆರ್.೫ ಎಂದು ಈಗ ಎರಡು ಜಾತಿಗಳು ಬಳಕೆಯಲ್ಲಿವೆ. ಎರಡಕ್ಕೂ ಪಿನ್ನುಗಳು ೨೮೮ ಆದರೂ, ಪಟ್ಟಿಯಲ್ಲಿ ಕತ್ತರಿಸಿದ ಗುರುತಿನ ಸ್ಥಾನವು ಬೇರೆ; ಒಂದರ ಜಾಗದಲ್ಲಿ ಇನ್ನೊಂದು ಕೂಡದು. ಎ.ಎಂ.೪ ಪೀಠಕ್ಕೆ ನಾಲ್ಕನೆಯದು, ಎ.ಎಂ.೫ ಪೀಠಕ್ಕೆ ಐದನೆಯದು. ಎಲ್.ಜಿ.ಎ. ೧೭೦೦ ಪೀಠದ ಹಲಗೆಗಳು ಎರಡು ಬಗೆಯಲ್ಲಿಯೂ ಬರುವುದರಿಂದ ಪೆಟ್ಟಿಗೆಯಮೇಲಿನ ಬರಹವನ್ನು ಓದಿಯೇ ಕೊಳ್ಳತಕ್ಕದ್ದು. ೨೦೨೫ರ ಉತ್ತರಾರ್ಧದಲ್ಲಿ, ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಶಾಲೆಗಳಿಗೆ ಸ್ಮೃತಿಯ ಚಿಪ್ಪುಗಳು ಹೇರಳವಾಗಿ ಸಾಗತೊಡಗಿದುದರಿಂದ ರ್ಯಾಮಿನ ಬೆಲೆಯು ಎಲ್ಲೆಡೆಯೂ ಮೇಲಕ್ಕೇರಿತು. ಇಂತಹ ಕಾಲದಲ್ಲಿ, ಎರಡು ಸ್ಥಾನಗಳಿರುವ ಹಲಗೆಯಲ್ಲಿ ೮ರ ಒಂದೇ ಪಟ್ಟಿಯಿಂದ ಆರಂಭಿಸಿ, ಬೆಲೆ ಇಳಿದಾಗ ಅಂಥದೇ ಇನ್ನೊಂದನ್ನು ಸೇರಿಸುವುದೂ ಒಂದು ಉಪಾಯವೇ. ಬಿಡಿಯಾಗಿ ಜೋಡಿಸಿದ ಯಂತ್ರದ ಗುಣವೇ ಇದು. ಹಣ ಒದಗಿದಂತೆ ಅದೂ ಬೆಳೆಯಬಲ್ಲದು.

ಎಸ್.ಎಸ್.ಡಿ.

ಹಿಂದೆ ಎಲ್ಲ ಯಂತ್ರಗಳಲ್ಲಿಯೂ ಇದ್ದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯೊಂದು ತಿರುಗುತ್ತಿರುತ್ತದೆ. ಸಾಮಾನ್ಯವಾಗಿ ಮಿನಿಟಿಗೆ ೭,೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು. ಬೇಕಾದ ಅಕ್ಷರವು ಓದುವ ಮುಳ್ಳಿನ ಕೆಳಗೆ ಬರುವವರೆಗೆ ಪ್ರೊಸೆಸರು ಕಾದಿರಬೇಕು. ಒಂದು ಸಲದ ಕಾಯುವಿಕೆ ಅತ್ಯಲ್ಪವಾದರೂ, ಯಂತ್ರವು ಎಚ್ಚರಗೊಳ್ಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ ಅದೆಲ್ಲ ಕೂಡಿ ನಿಮಿಷಗಳಾಗುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಟಾ ಬಗೆಯದು ಸೆಕೆಂಡಿಗೆ ಸುಮಾರು ೫೫೦ ಮೆಗಾಬೈಟುಗಳನ್ನು ಓದಬಲ್ಲದು, ಎನ್.ವಿ.ಎಂ.ಇ. ಬಗೆಯಲ್ಲಿ ಮೂರನೆಯ ತಲೆಮಾರಿನದು ೩,೫೦೦ದವರೆಗೆ, ನಾಲ್ಕನೆಯದು ೭,೦೦೦ದವರೆಗೆ. ಅಂಕಿಗಳನ್ನು ಕಂಡು ಬೆರಗಾಗಬೇಕಾಗಿಲ್ಲ. ಹಾರ್ಡ್ ಡಿಸ್ಕಿನಿಂದ ಎಸ್.ಎಸ್.ಡಿ.ಗೆ ಬಂದವರಿಗೆ ಕಾಣುವ ವ್ಯತ್ಯಾಸ ಬಲು ದೊಡ್ಡದು. ಮೂರನೆಯ ತಲೆಮಾರಿನಿಂದ ನಾಲ್ಕನೆಯದಕ್ಕೆ ಹೋದವರಿಗೆ ಮನೆಯ ಕೆಲಸದಲ್ಲಿ ವ್ಯತ್ಯಾಸವೇ ಕಾಣದು. ೫೦೦ ಗಿಗಾಬೈಟಿನ ಸಾಧಾರಣ ಎನ್.ವಿ.ಎಂ.ಇ. ಒಂದು ಸಂಸಾರಕ್ಕೆ ಸಾಕು. ಎಂ.೨ ಸ್ಥಾನದಲ್ಲಿ ಕೂಡುವ ಪಟ್ಟಿಗಳಲ್ಲಿ ಸಾಟಾ ಬಗೆಯೂ ಉಂಟಾದಕಾರಣ, ಹಲಗೆಯು ಯಾವ ಬಗೆಯನ್ನು ಒಪ್ಪುವುದೆಂದು ನೋಡಿಕೊಳ್ಳತಕ್ಕದ್ದು.

ಆದರೆ ಒಂದು ಎಚ್ಚರಿಕೆ. ಎಸ್.ಎಸ್.ಡಿ. ಕೆಟ್ಟಾಗ ಬಹುತೇಕ ಮುನ್ಸೂಚನೆಯಿಲ್ಲದೆ ಕೆಡುತ್ತದೆ. ಹಿರಿಯರ ಭಾವಚಿತ್ರಗಳು, ಮದುವೆಯ ಚಿತ್ರಗಳು, ಮಕ್ಕಳ ಪ್ರಮಾಣಪತ್ರಗಳು ಇವೆಲ್ಲ ಒಂದೇ ಕಡೆಯಿದ್ದರೆ ಒಂದೇ ದಿನದಲ್ಲಿ ಎಲ್ಲವೂ ಹೋಗಬಹುದು. ಯಂತ್ರದ ಬೆಲೆಯನ್ನು ಮರಳಿ ಸಂಪಾದಿಸಬಹುದು. ತೀರಿಕೊಂಡ ತಾಯಿಯ ಧ್ವನಿಯನ್ನು ಮರಳಿ ಪಡೆಯುವುದಾಗದು. ಹೊರಗಿನಿಂದ ಸೇರಿಸುವ ಒಂದು ಹಾರ್ಡ್ ಡಿಸ್ಕನ್ನು ಮೊದಲ ಲೆಕ್ಕದಲ್ಲಿಯೇ ಸೇರಿಸಿ, ತಿಂಗಳಿಗೊಮ್ಮೆ ಪ್ರತಿಯೆತ್ತಿ ಬೀರುವಿನಲ್ಲಿಡುವುದನ್ನು ಮನೆಯ ಪದ್ಧತಿಯಾಗಿ ಮಾಡಿಕೊಳ್ಳತಕ್ಕದ್ದು.

ಎಸ್.ಎಂ.ಪಿ.ಎಸ್.: ಕಾಣದ ಪ್ರಾಣದಾತೃ

ಗೋಡೆಯಿಂದ ಬರುವ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫, ೩.೩ ವೋಲ್ಟುಗಳ ಸೌಮ್ಯ ಪ್ರವಾಹವಾಗಿ ಮಾರ್ಪಡಿಸಿ ಎಲ್ಲ ಭಾಗಗಳಿಗೂ ಉಣಿಸುವ ಪೆಟ್ಟಿಗೆಗೆ ನಮ್ಮ ಅಂಗಡಿಗಳಲ್ಲಿ ಎಸ್.ಎಂ.ಪಿ.ಎಸ್. ಎಂದು ಹೆಸರು. ಜನರು ಎಲ್ಲಕ್ಕೂ ಕಡಿಮೆ ಗಮನ ಕೊಡುವುದು ಇದಕ್ಕೇ. ಕೆಟ್ಟರೆ ಎಲ್ಲಕ್ಕೂ ಹೆಚ್ಚು ಹಾನಿ ಮಾಡುವುದೂ ಇದೇ. ಹೆಸರಿಲ್ಲದ ಅಗ್ಗದ ಪೆಟ್ಟಿಗೆಯು ಸುಟ್ಟುಹೋಗುವಾಗ ತನ್ನೊಡನೆ ಮದರ್‌ಬೋರ್ಡನ್ನೂ ಎಸ್.ಎಸ್.ಡಿ.ಯನ್ನೂ ಒಯ್ಯಬಲ್ಲದು. ಕ್ಯಾಬಿನೆಟ್ಟಿನೊಡನೆ ‘ಪುಕ್ಕಟೆಯಾಗಿ’ ಬರುವ ಎಸ್.ಎಂ.ಪಿ.ಎಸ್. ಬಗ್ಗೆ ವಿಶೇಷ ಎಚ್ಚರಿಕೆಯಿರಬೇಕು. ಸಾವಿರ ರೂಪಾಯಿ ಉಳಿಸಲು ಹೋಗಿ ನಲವತ್ತು ಸಾವಿರವನ್ನು ಪಣಕ್ಕೊಡ್ಡುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಎಷ್ಟು ವಾಟ್ ಬೇಕು? ಇದನ್ನು ಕೂಡಿ ನೋಡುವುದು ಸುಲಭ. ೬೫ ವಾಟ್ ಎಂದು ಬರೆದ ಪ್ರೊಸೆಸರು ಭರದಲ್ಲಿ ೯೦ರ ಸಮೀಪಕ್ಕೆ ಹೋಗಬಹುದು. ಹಲಗೆ, ರ್ಯಾಮ್, ಎಸ್.ಎಸ್.ಡಿ., ಬೀಸಣಿಗೆಗಳಿಗೆ ಇನ್ನೊಂದು ೫೦. ಒಟ್ಟು ೧೪೦. ಆದಕಾರಣ ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಯಂತ್ರಕ್ಕೆ ೪೫೦ ವಾಟಿನ ಒಳ್ಳೆಯ ಪೆಟ್ಟಿಗೆ ಬೇಕಾದಷ್ಟಾಯಿತು. ಗ್ರಾಫಿಕ್ಸ್ ಕಾರ್ಡು ಹಾಕುವುದಾದರೆ ಅದರ ತಯಾರಕರು ಹೇಳಿದ ಅಂಕಿಯನ್ನು ಪಾಲಿಸತಕ್ಕದ್ದು. ಉದಾಹರಣೆಗೆ, ೧೧೫ ವಾಟ್ ಬಳಸುವ ಆರ್.ಟಿ.ಎಕ್ಸ್. ೪೦೬೦ ಕಾರ್ಡಿಗೆ ಎನ್‌ವಿಡಿಯಾದವರು ೫೫೦ ವಾಟಿನ ಪೆಟ್ಟಿಗೆಯನ್ನು ಸೂಚಿಸಿದ್ದಾರೆ.

‘೮೦ ಪ್ಲಸ್’ ಎಂಬ ಮುದ್ರೆಯ ಅರ್ಥವನ್ನೂ ತಿಳಿದಿರಬೇಕು. ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತಾದರೂ ಭಾಗಗಳಿಗೆ ತಲಪುವುದೆಂದು ಅದರ ತಾತ್ಪರ್ಯ. ಭಾಗಗಳಿಗೆ ೧೦೦ ವಾಟ್ ಬೇಕಾದರೆ ಗೋಡೆಯಿಂದ ೧೨೫ ಹೋಗುತ್ತದೆ. ಮಿಕ್ಕ ೨೫ ಬಿಸಿಯಾಗಿ ಕೋಣೆಯನ್ನು ಸೇರುತ್ತದೆ. ದಿನಕ್ಕೆ ಎಂಟು ಗಂಟೆ ನಡೆದರೆ ಅದು ಒಂದು ಯೂನಿಟ್. ನೂರಕ್ಕೆ ತೊಂಬತ್ತು ತಲಪಿಸುವ ಪೆಟ್ಟಿಗೆಯಲ್ಲಿ ಅದು ಸುಮಾರು ೦.೮೯ ಯೂನಿಟ್. ವಿದ್ಯುತ್ತಿನ ಬಿಲ್ಲಿನಲ್ಲಿ ಉಳಿಯುವುದು ಅಲ್ಪವೇ ಸರಿ. ಮುದ್ರೆಯು ಮಿತವ್ಯಯವನ್ನು ಹೇಳುತ್ತದೆಯೇ ಹೊರತು ಸುರಕ್ಷತೆಯನ್ನು ಸಾರುವುದಿಲ್ಲ. ಅದಕ್ಕಾಗಿ ತಯಾರಕರ ಕೀರ್ತಿಯನ್ನೂ ವಾರಂಟಿಯ ಅವಧಿಯನ್ನೂ ನೋಡತಕ್ಕದ್ದು. ಈ ಪೆಟ್ಟಿಗೆಯನ್ನು ಮಾತ್ರ ಯಾರೂ ಎಂದೂ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಕ್ಯಾಬಿನೆಟ್, ಪರದೆ, ಕೀಲಿಮಣೆ

ಕ್ಯಾಬಿನೆಟ್ಟಿಗೆ ಸೌಂದರ್ಯಕ್ಕಿಂತ ಗಾಳಿಯೇ ಮುಖ್ಯ. ಮುಂದೆ ಜಾಲಿಯಿದ್ದು ಗಾಳಿ ಒಳಗೆ ಬಂದು, ಹಿಂದಿನ ಬೀಸಣಿಗೆಯಿಂದ ಬಿಸಿ ಹೊರಗೆ ಹೋಗುವಂತಿರಬೇಕು. ಮುಂದೆ ಗಾಜು ಮುಚ್ಚಿದ ಪೆಟ್ಟಿಗೆಗಳು ನೋಟಕ್ಕೆ ಚೆಂದ. ಆದರೆ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಒಳಗಿನ ಭಾಗಗಳ ಪಾಡು ಕಷ್ಟ. ಧೂಳಿನ ಊರುಗಳಲ್ಲಿ ತೊಳೆಯಲು ಬರುವ ಜಾಲರಿಯಿದ್ದರೆ ಲೇಸು. ಯಂತ್ರವನ್ನು ನೆಲದಮೇಲಿಡದೆ ಒಂದು ಮಣೆಯಷ್ಟಾದರೂ ಎತ್ತರದಲ್ಲಿಡಬೇಕು.

ಪರದೆಯು ಕಣ್ಣಿಗೆ ಸಂಬಂಧಿಸಿದ್ದು. ಇಲ್ಲಿ ಜಿಪುಣತನ ಸಲ್ಲದು. ೨೨ರಿಂದ ೨೪ ಇಂಚು, ೧೯೨೦ಕ್ಕೆ ೧೦೮೦ ಬಿಂದುಗಳು, ಐ.ಪಿ.ಎಸ್. ಬಗೆ ಇವಿಷ್ಟಿದ್ದರೆ ಪಕ್ಕದಿಂದ ನೋಡುವವರಿಗೂ ಬಣ್ಣ ಕೆಡದೆ ಕಾಣುತ್ತದೆ. ನಮ್ಮ ಒತ್ತಕ್ಷರಗಳು ಚಿಕ್ಕದಾಗಿ ಅಚ್ಚಾದಾಗ ಬಿಂದುಗಳು ಸಾಲದಿದ್ದರೆ ಒಂದಕ್ಕೊಂದು ಅಂಟಿಕೊಂಡಂತೆ ತೋರುವುದರಿಂದ, ಕನ್ನಡ ಓದುವವರು ಅಂಗಡಿಯಲ್ಲಿಯೇ ಒಂದು ಕನ್ನಡ ಪುಟವನ್ನು ತೆರೆಯಿಸಿ ನೋಡುವುದು ಒಳ್ಳೆಯದು. ಕೀಲಿಮಣೆಗೆ ಕನ್ನಡಾಕ್ಷರಗಳ ಮುದ್ರೆ ಬೇಕೆಂದೇನೂ ಇಲ್ಲ. ಶ್ರೀ ಕೆ.ಪಿ. ರಾಯರು ರೂಪಿಸಿದ ವಿನ್ಯಾಸವು ಸಾಧಾರಣ ಇಂಗ್ಲಿಷ್ ಕೀಲಿಗಳ ಧ್ವನಿಯನ್ನೇ ಅನುಸರಿಸುತ್ತದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅದುಂಟು, ಲಿನಕ್ಸ್ ವ್ಯವಸ್ಥೆಯಲ್ಲಿಯೂ ‘ಕಗಪ’ ಎಂಬ ಹೆಸರಿನಿಂದ ಅದು ದೊರೆಯುತ್ತದೆ. ಅಜ್ಜನವರಿಗೂ ಒಂದು ವಾರದ ಅಭ್ಯಾಸ ಸಾಕು.

ಮನೆಯ ವಿದ್ಯುತ್ತು

ಎಷ್ಟೇ ಒಳ್ಳೆಯ ಭಾಗಗಳನ್ನು ತಂದರೂ ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ. ಅರ್ತಿಂಗ್ ಇಲ್ಲವೆಂಬುದಕ್ಕೆ ಅದು ಸಾಮಾನ್ಯವಾದ ಸೂಚನೆ. ಹಳೆಯ ಮನೆಗಳಲ್ಲಿ ಮೂರು ರಂಧ್ರಗಳ ಪ್ಲಗ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದುಂಟು. ಮಕ್ಕಳು ಬರಿಗಾಲಿನಲ್ಲಿ ಕುಳಿತು ಮುಟ್ಟುವ ಯಂತ್ರವಿದು. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬನಿಂದ ಪರೀಕ್ಷಿಸಿ ಸರಿಪಡಿಸಿದ ಹೊರತು ಯಂತ್ರವನ್ನು ಚಾಲೂ ಮಾಡಕೂಡದು. ಇದಕ್ಕಾಗುವ ವೆಚ್ಚವನ್ನೂ ಯಂತ್ರದ ಬೆಲೆಯಲ್ಲಿಯೇ ಎಣಿಸತಕ್ಕದ್ದು.

ವಿದ್ಯುತ್ತು ಹೋಗಿ ಬರುವ ಊರುಗಳಲ್ಲಿ ಯು.ಪಿ.ಎಸ್. ಬೇಕೇ ಬೇಕು. ೬೦೦ ವಿ.ಎ. ಎಂದು ಬರೆದ ಸಾಧಾರಣ ಯು.ಪಿ.ಎಸ್. ಸುಮಾರು ೩೬೦ ವಾಟ್ ಹೊರಬಲ್ಲದು; ಮೊದಲನೆಯ ತರಗತಿಯ ಯಂತ್ರಕ್ಕೂ ಪರದೆಗೂ ಅದು ಸಾಕು. ಕೆಲವು ನಿಮಿಷಗಳೊಳಗೆ ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದೇ ಅದರ ಪ್ರಯೋಜನ, ಗಂಟೆಗಟ್ಟಲೆ ನಡೆಸುವುದಲ್ಲ. ಲೇಸರ್ ಪ್ರಿಂಟರನ್ನು ಅದಕ್ಕೆ ಸೇರಿಸಕೂಡದು.

ಪೇಟೆಯಲ್ಲಿ

ಬೆಂಗಳೂರಿನಲ್ಲಿ ಪುರಭವನಕ್ಕೆ ಅನತಿದೂರದಲ್ಲಿರುವ ಸಾದರ ಪತ್ರಪ್ಪ ರಸ್ತೆಯು ಎಸ್.ಪಿ. ರಸ್ತೆಯೆಂದೇ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಹೊರನಾಡ ಕನ್ನಡಿಗರಿಗೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಬೀದಿ, ದೆಹಲಿಯ ನೆಹರು ಪ್ಲೇಸ್ ಇಂಥವೇ ಪೇಟೆಗಳು. ಕನಿಷ್ಠ ಮೂರು ಅಂಗಡಿಗಳಲ್ಲಿ ಒಂದೇ ಪಟ್ಟಿಗೆ ಬೆಲೆ ಬರೆಯಿಸಿಕೊಂಡು, ಇಂಟರ್ನೆಟ್ಟಿನ ಬೆಲೆಯೊಡನೆ ಹೋಲಿಸಿ, ಆಮೇಲೆ ನಿಶ್ಚಯಿಸತಕ್ಕದ್ದು. ಆತುರಗಾರನಿಗೆ ಬುದ್ಧಿ ಮಟ್ಟ. ‘ನೀವು ಕೇಳಿದ್ದು ಇಲ್ಲ, ಅದಕ್ಕಿಂತ ಒಳ್ಳೆಯದೇ ಇದೆ’ ಎಂದು ಅಂಗಡಿಯವನು ಹೇಳಿದರೆ, ಒಡನೆ ಒಪ್ಪದೆ ಸಂಖ್ಯೆಯನ್ನು ಬರೆದುಕೊಂಡು ಹೊರಬಂದು ವಿಚಾರಿಸಬೇಕು.

ಪ್ರತಿ ಭಾಗದ ಪೆಟ್ಟಿಗೆಯ ಮೊಹರು ನಮ್ಮೆದುರಿಗೇ ಒಡೆಯಬೇಕು. ಜಿ.ಎಸ್.ಟಿ. ಸಹಿತವಾದ ಬಿಲ್ಲಿನಲ್ಲಿ ಭಾಗಗಳ ಹೆಸರೂ ಕ್ರಮಸಂಖ್ಯೆಯೂ ಬೇರೆಬೇರೆಯಾಗಿ ಇರಬೇಕು. ‘ಕಂಪ್ಯೂಟರ್ ಒಂದು’ ಎಂದು ಬರೆದ ಬಿಲ್ಲು ವಾರಂಟಿಯ ಕಾಲಕ್ಕೆ ಊಟಕ್ಕಿಲ್ಲದ ಉಪ್ಪಿನಕಾಯಿ. ಪೆಟ್ಟಿಗೆಯಲ್ಲಿ ಬಂದ ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿಯುಂಟು. ಬಿಲ್ಲನ್ನೂ ಖಾಲಿ ಪೆಟ್ಟಿಗೆಗಳನ್ನೂ ಅಟ್ಟದಮೇಲೆ ಜೋಪಾನವಾಗಿಡುವುದು ಮನೆಯೊಡತಿಯ ಜಾಣ್ಮೆಗೆ ಸೇರಿದ ಕಾರ್ಯ.

ಹಣ ತೀರ ಕಡಿಮೆಯಿದ್ದರೆ ನಿರಾಶರಾಗಬೇಕಾದುದಿಲ್ಲ. ಕಚೇರಿಗಳಿಂದ ಬಿಡುಗಡೆಯಾದ ಹಳೆಯ ಯಂತ್ರಗಳು ಅಗ್ಗವಾಗಿ ದೊರೆಯುತ್ತವೆ. ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ಮೈಕ್ರೋಸಾಫ್ಟ್‌ನವರು ೨೦೨೫ನೆಯ ಅಕ್ಟೋಬರ್ ೧೪ರಂದು ನಿಲ್ಲಿಸಿದರು. ವಿಂಡೋಸ್ ೧೧ಕ್ಕೆ ಸಾಮಾನ್ಯವಾಗಿ ಇಂಟೆಲಿನ ಎಂಟನೆಯ ತಲೆಮಾರು ಅಥವಾ ರೈಜನ್ ೨೦೦೦ ಶ್ರೇಣಿ, ಇಲ್ಲವೆ ಅವುಗಳಿಗಿಂತ ಈಚಿನದು ಬೇಕು. ಅದಕ್ಕೂ ಹಿಂದಿನ ಯಂತ್ರವು ದೊರೆತರೆ, ಎಸ್.ಎಸ್.ಡಿ. ಒಂದನ್ನು ಹಾಕಿ, ಹಣ ಕೊಡದೆ ದೊರೆಯುವ ಲಿನಕ್ಸನ್ನು ಸ್ಥಾಪಿಸಿದರೆ ಪಾಠಕ್ಕೂ ಬರವಣಿಗೆಗೂ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಆದರೆ ಕೆಲವು ಕಂಪೆನಿಗಳ ಕಚೇರಿ ಯಂತ್ರಗಳಲ್ಲಿ ಎಸ್.ಎಂ.ಪಿ.ಎಸ್. ಮತ್ತು ಹಲಗೆಗಳು ಕಟ್ಟಳೆಯ ಅಳತೆಯಲ್ಲಿರುವುದಿಲ್ಲ. ಅವು ಕೆಟ್ಟರೆ ಪೇಟೆಯ ಭಾಗ ಕೂಡದೆಂಬುದನ್ನು ಅರಿತೇ ಕೊಳ್ಳಬೇಕು.

ಜೋಡಣೆ

ಭಾಗಗಳು ಬಂದಮೇಲೆ ಜೋಡಿಸುವ ಕೆಲಸ ಒಂದು ರಜೆಯ ದಿನದ್ದು. ಬೇಕಾದ ಆಯುಧ ಒಂದೇ: ಸ್ಕ್ರೂಡ್ರೈವರ್. ಆರಂಭಿಸುವ ಮೊದಲೂ ನಡುನಡುವೆಯೂ ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಎ.ಎಂ.೪ರಲ್ಲಿ ಸೂಕ್ಷ್ಮವಾದ ಪಿನ್ನುಗಳು ಪ್ರೊಸೆಸರಿನಲ್ಲಿಯೂ, ಎ.ಎಂ.೫ ಮತ್ತು ಎಲ್.ಜಿ.ಎ. ೧೭೦೦ರಲ್ಲಿ ಪೀಠದಲ್ಲಿಯೂ ಇರುತ್ತವೆ. ಎಲ್ಲಿದ್ದರೂ ಅವುಗಳಿಗೆ ಬೆರಳು ತಾಗಕೂಡದು. ತ್ರಿಕೋನದ ಗುರುತುಗಳನ್ನು ಸರಿಹೊಂದಿಸಿದರೆ ಪ್ರೊಸೆಸರು ಒತ್ತದೆಯೇ ತಾನಾಗಿ ಕೂಡುತ್ತದೆ. ರ್ಯಾಮಿಗೆ ಮಾತ್ರ ಕಟಕ್ಕೆಂಬ ಸದ್ದು ಬರುವಷ್ಟು ಒತ್ತು ಬೇಕು. ಹಲಗೆಯ ಎರಡು ವಿದ್ಯುತ್ ತಂತಿಗಳಲ್ಲಿ ದೊಡ್ಡದನ್ನು ಹಾಕಿ, ಪ್ರೊಸೆಸರಿನ ಬಳಿಯ ಚಿಕ್ಕದನ್ನು ಮರೆಯುವುದು ಹೊಸಬರಲ್ಲಿ ಸಾಮಾನ್ಯ. ಪರದೆ ಬೆಳಗದಿದ್ದರೆ ಮೊದಲು ಇವೆರಡನ್ನೂ ನೋಡತಕ್ಕದ್ದು.

ಈ ಕೆಲಸವನ್ನು ಅಂಗಡಿಯವನೂ ಅಲ್ಪ ಕೂಲಿಗೆ ಮಾಡಿಕೊಡುವನು. ಆದರೂ ಮನೆಯ ಮಕ್ಕಳ ಕೈಯಿಂದಲೇ, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಮಾಡಿಸುವುದು ಉಚಿತ. ಗಂಡುಮಕ್ಕಳಿಗಷ್ಟೇ ಬಿಡದೆ ಹೆಣ್ಣುಮಕ್ಕಳಿಗೂ ಸ್ಕ್ರೂಡ್ರೈವರನ್ನು ಕೊಡತಕ್ಕದ್ದು. ತಾನೇ ಜೋಡಿಸಿದ ಯಂತ್ರವು ಮೊದಲ ಬಾರಿ ಬೆಳಗಿದುದನ್ನು ಕಂಡ ಮಗುವಿಗೆ ಆಮೇಲೆ ಯಂತ್ರವೆಂದರೆ ಮಾಯೆಯಲ್ಲ. ಬಿಚ್ಚಿ ನೋಡಬಹುದಾದ, ತಿಳಿಯಬಹುದಾದ, ತಿದ್ದಬಹುದಾದ ವಸ್ತು. ಇದು ಯಾವ ಅಂಗಡಿಯಲ್ಲಿಯೂ ಬೆಲೆಗೆ ಸಿಕ್ಕದ ವಿದ್ಯೆ.

ಕೆಟ್ಟ ಭಾಗಗಳನ್ನು ಕಸದ ತೊಟ್ಟಿಗೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವ ನೋಂದಾಯಿತ ಕೇಂದ್ರಗಳಿಗೆ ಒಪ್ಪಿಸತಕ್ಕದ್ದು; ಅವುಗಳಲ್ಲಿ ಸೀಸ ಮೊದಲಾದ ವಿಷಗಳಿರಬಹುದು. ಕೆಡದೆ ಹಳತಾದ ಭಾಗಗಳಿದ್ದರೆ ಅವನ್ನು ಬಡ ವಿದ್ಯಾರ್ಥಿಯೊಬ್ಬನಿಗೆ ಕೊಡಬಹುದು. ಉದ್ದೇಶವನ್ನು ಮೊದಲು ಅರಿತು, ಕಾಣದ ಭಾಗಗಳಿಗೆ ತಕ್ಕ ಗೌರವವನ್ನು ಕೊಟ್ಟು, ಬಿಲ್ಲನ್ನು ಜೋಪಾನ ಮಾಡಿಕೊಂಡು ಮನೆಗೆ ತಂದ ಯಂತ್ರವು ಆ ಸಂಸಾರಕ್ಕೆ ಹೊರೆಯಾಗದೆ ಬಹುಕಾಲ ಸೇವೆ ಸಲ್ಲಿಸುವುದರಲ್ಲಿ ಸಂದೇಹವಿಲ್ಲ.